ಬಿಳಿ ಬಟ್ಟಿ ತೊಟ್ಟ ಹನ್ನೊಂದು ಮಂದಿ: ನಮ್ಮ ಹೆಣ್ಮಕ್ಕಳ ಟೆಸ್ಟ್ ತಂಡ ಆರಿಸೂದು ಹೆಂಗ?

2025ರ ನವೆಂಬರ್ ತಿಂಗಳದಾಗ ಹರ್ಮನ್‌ಪ್ರೀತ್ ಕೌರ್ ತಂಡ ವಿಶ್ವಕಪ್ ಗೆದ್ದ ಮ್ಯಾಲ ಸ್ಮೃತಿ, ದೀಪ್ತಿ, ಶೆಫಾಲಿ ಅನ್ನೂ ಹೆಸರು ಓಣ್ಯಾಗಿನ ಸಣ್ಣ ಹುಡಿಗ್ಯಾರ ಬಾಯಾಗೂ ಬಂದಾವ. ಭಾಳ ಖುಷಿ ಮಾತು. ಆದ್ರ ಅದು ಒಂದ ದಿನದ ಆಟ. ಬಿಳಿ ಬಟ್ಟಿ ಹಾಕ್ಕೊಂಡು ದಿನಗಟ್ಟಲೆ ಆಡೂ ಟೆಸ್ಟ್ ಮ್ಯಾಚ್ ಬ್ಯಾರೆ. ಅದರಾಗ ಇಲ್ಲೀತನಕ ಆಡಿದ ನಮ್ಮ ಹೆಣ್ಮಕ್ಕಳೊಳಗ ಹನ್ನೊಂದು ಮಂದೀನ್ನ ಆರಿಸ್ರಿ ಅಂದ್ರ ಯಾರ್ಯಾರ ಹೆಸರು ಹೇಳ್ತೀರಿ? ಗಂಡಸರ ತಂಡ ಆದ್ರ ಗವಾಸ್ಕರ್, ದ್ರಾವಿಡ್, ಕುಂಬ್ಳೆ ಅಂತ ನಾವೂ ಪಟಪಟ ಹೇಳಿಬಿಡ್ತೀವಿ. ನಮ್ಮವರ ತಂಡಕ್ಕ ಬಂದ್ರ ನಾಕ ಹೆಸರಿಗೆ ಬಾಯಿ ಕಟ್ಟತದ.

ಹಂತಾ ತಂಡ ಆರಿಸೂ ಮಂದಿ ಸಾಮಾನ್ಯವಾಗಿ ರನ್ನು, ವಿಕೆಟ್ಟು, ಸರಾಸರಿ ಇಟ್ಕೊಂಡು ಕೂಡ್ತಾರ. ಹೆಂಗಸರ ಟೆಸ್ಟ್‌ಗೆ ಆ ಲೆಕ್ಕ ಒಂದ ಸಾಲೂದಿಲ್ರಿ. ಊದುಗೊಳವಿ ಹಿಡದು ಒಲಿ ಮುಂದ ಕೂತು ನೂರು ಮಂದಿಗೆ ಅಡಗಿ ಮಾಡಿದ ಅಜ್ಜೀನ್ನ, ಕುಕ್ಕರ್ ಇಡೂ ಮೊಮ್ಮಗಳನ್ನ ಒಂದ ಗಡಿಯಾರ ಹಿಡದು ಅಳೀತೀವೇನು? ಇಲ್ಲಿ ಫರಕು ಬರೇ ಸೌಲತ್ತಿಂದಲ್ಲ, ಅವಕಾಶದ್ದು. ರಾಹುಲ್ ದ್ರಾವಿಡ್ 16 ವರ್ಷದಾಗ 164 ಟೆಸ್ಟ್ ಆಡಿದ್ರು. ಮಿಥಾಲಿ ರಾಜ್ 2002ರಿಂದ 2021ರ ತನಕ ತಂಡದಾಗ ಇದ್ದು ಆಡಿದ್ದು 12 ಟೆಸ್ಟ್. ಅದಕ್ಕ ಮೊದಲ ಕಾಲ ವಿಂಗಡಿಸಬೇಕು, ಆಮ್ಯಾಲ ಹೆಸರು ಆರಿಸಬೇಕು. ನಾ ಮೂರು ಕಾಲ ಮಾಡ್ತೀನಿ.

ಮೊದಲನೇ ಕಾಲ 1976ರಿಂದ 1991. ಜಗತ್ತಿನಾಗ ಹೆಂಗಸರ ಮೊದಲ ಟೆಸ್ಟ್ ಆಗಿದ್ದು 1934ರ ಡಿಸೆಂಬರ್‌ದಾಗ, ಬ್ರಿಸ್ಬೇನ್‌ದಾಗ, ಇಂಗ್ಲೆಂಡ್ ಮತ್ತ ಆಸ್ಟ್ರೇಲಿಯಾ ನಡುವ. ನಮ್ಮವರಿಗೆ ಆ ದಿನ ಬರಾಕ ಇನ್ನೂ 42 ವರ್ಷ ಹಿಡೀತು. 1973ರಾಗ ಭಾರತೀಯ ಮಹಿಳಾ ಕ್ರಿಕೆಟ್ ಸಂಘ ಹುಟ್ಟಿತು. 1976ರ ಅಕ್ಟೋಬರ್ 31ಕ್ಕ ನಮ್ಮ ಬೆಂಗಳೂರಾಗ, ವೆಸ್ಟ್ ಇಂಡೀಸ್ ವಿರುದ್ಧ, ಮೊದಲ ಟೆಸ್ಟ್ ಶುರು ಆತು. ಕ್ಯಾಪ್ಟನ್ ಯಾರು ಅಂದ್ರ ನಮ್ಮ ಕರ್ನಾಟಕದವರ, ಶಾಂತಾ ರಂಗಸ್ವಾಮಿ. ಅದ ಸರಣಿಯೊಳಗ ನವೆಂಬರ್‌ದಾಗ ಪಾಟ್ನಾದಾಗ ಮೊದಲ ಗೆಲುವೂ ಸಿಕ್ಕತು. 1977ರಾಗ ನ್ಯೂಝಿಲೆಂಡ್‌ನ ಡುನೆಡಿನ್‌ದಾಗ ಶಾಂತಾ ಅವರು 108 ಹೊಡದ್ರು. ಭಾರತದ ಹೆಣ್ಮಗಳು ಹೊಡದ ಮೊದಲ ಟೆಸ್ಟ್ ಶತಕ ಅದು.

ಆಗ ರೊಕ್ಕ ಇದ್ದಿಲ್ಲ. ರಿಸರ್ವೇಶನ್ ಇಲ್ಲದ ಡಬ್ಬಿಯೊಳಗ ಕಿಟ್ ಹೊತ್ತು ಹೋಗೂದು, ಸಿಕ್ಕಲ್ಲೆ ನೆಲದ ಮ್ಯಾಲ ಮಲಗೂದು, ಇದನ್ನೆಲ್ಲಾ ಆ ಕಾಲದವರು ಎಷ್ಟೋ ಸಲ ಹೇಳ್ಯಾರ. ಬೆಂಗಳೂರಿನ ಆ ಮೊದಲ ಟೆಸ್ಟ್ ಮೂರ ದಿನದ್ದು. ಮೂರ ದಿನದಾಗ ಎರಡೂ ಕಡೀದು ಎರಡೆರಡು ಇನಿಂಗ್ಸ್ ಮುಗಿಯೂದು ಎಲ್ಲಿ? ದೊಡ್ಡ ಶತಕ ಕಟ್ಟಾಕ ಪುರುಸೊತ್ತು ಎಲ್ಲಿ? ಇಷ್ಟರಾಗೂ ಇಂದೋರಿನ ಸಂಧ್ಯಾ ಅಗರ್ವಾಲ್ 1986ರಾಗ ಇಂಗ್ಲೆಂಡ್‌ನ ವೂಸ್ಟರ್‌ದಾಗ 190 ಹೊಡದು, 1935ರಿಂದ ಇದ್ದ ಬೆಟ್ಟಿ ಸ್ನೋಬಾಲ್ ಅವರ 189ರ ವಿಶ್ವದಾಖಲೆ ಮುರದ್ರು. 13 ಟೆಸ್ಟ್‌ದಾಗ ಅವರ ಸರಾಸರಿ 50 ದಾಟ್ಯದ. ಡಯಾನಾ ಎಡುಲ್ಜಿ ಎಡಗೈ ಸ್ಪಿನ್ ಹಾಕಿ 20 ಟೆಸ್ಟ್‌ದಾಗ 63 ವಿಕೆಟ್ ತಗೊಂಡ್ರು. ಶುಭಾಂಗಿ ಕುಲಕರ್ಣಿ ಲೆಗ್ ಸ್ಪಿನ್ನಿನ್ಯಾಗ 19 ಟೆಸ್ಟ್‌ದಾಗ 60. ವಿಕೆಟ್ ಹಿಂದ ಫೌಝಿಯಾ ಖಲೀಲಿ, ಮಧ್ಯಕ್ಕ 21 ಟೆಸ್ಟ್ ಆಡಿದ ಸುಧಾ ಶಾ. 1986 ಆದ ಮ್ಯಾಲ ಇವರಿಗೆ ಮುಂದಿನ ಟೆಸ್ಟ್ ಸಿಕ್ಕಿದ್ದು 1991ರಾಗ. ಕೈ ಪಳಗಿದ ಐದು ವರ್ಷ ಖಾಲಿ ಹೋದ್ವು.

ಎರಡನೇ ಕಾಲ 1995ರಿಂದ 2006. 1995ರಾಗ ಜಮ್‌ಷೆಡ್‌ಪುರದಾಗ ನೀತು ಡೇವಿಡ್ ಇಂಗ್ಲೆಂಡಿನ ಒಂದ ಇನಿಂಗ್ಸ್‌ದಾಗ 53 ರನ್ ಕೊಟ್ಟು 8 ವಿಕೆಟ್ ಕಿತ್ತರು. ಹೆಂಗಸರ ಟೆಸ್ಟ್‌ದಾಗ ಇವತ್ತಿಗೂ ಅದನ್ನ ಯಾರೂ ದಾಟಿಲ್ಲ. ಇಷ್ಟ ಮಾಡಿದ್ರೂ ಆ ಮ್ಯಾಚ್ ಭಾರತ ಎರಡ ರನ್ನಿಂದ ಸೋತಿತು. ಹೊಟ್ಟಿ ಉರಿಯೂದಿಲ್ಲೇನ್ರಿ? 2002ರಾಗ ಟಾಂಟನ್‌ದಾಗ 19 ವರ್ಷದ ಮಿಥಾಲಿ 214 ಹೊಡದು ಆಗಿನ ವಿಶ್ವದಾಖಲೆ ಮಾಡಿದ್ರು. ಅದ ಟಾಂಟನ್‌ದಾಗ 2006ರಾಗ ಝೂಲನ್ ಗೋಸ್ವಾಮಿ ಮ್ಯಾಚ್‌ದಾಗ ಹತ್ತು ವಿಕೆಟ್ ತಗೊಂಡು, ಇಂಗ್ಲೆಂಡ್ ನೆಲದಾಗ ಮೊದಲ ಸರಣಿ ಗೆಲ್ಲಿಸಿದ್ರು.

ಆ ಗೆಲುವಿನ ಹಿಂದನ ಏನಾತು ಕೇಳ್ರಿ. 2006ರಾಗ ಹೆಂಗಸರ ಕ್ರಿಕೆಟ್ ಬಿಸಿಸಿಐ ಕೈಗೆ ಬಂತು. ರೊಕ್ಕ ಬಂತು, ವಿಮಾನ ಬಂತು, ಆದ್ರ ಎಂಟು ವರ್ಷ ಒಂದೂ ಟೆಸ್ಟ್ ಬರಲಿಲ್ಲ! ಒಂದ ದಿನದ್ದು, ಟಿ20 ಅಷ್ಟ ನಡೀತಿದ್ದವು. ಹರ್ಮನ್‌ಪ್ರೀತ್ 2009ರಾಗ ಭಾರತಕ್ಕ ಆಡಾಕ ಬಂದವರು, ಮೊದಲ ಟೆಸ್ಟ್ ಆಡಿದ್ದು 2014ರಾಗ. ಆ ಎಂಟು ವರ್ಷದಾಗ ಬಂದು, ಒಂದೂ ಟೆಸ್ಟ್ ಕಾಣದ ಹೋದವರ ಹೆಸರು ಯಾವ ಯಾದಿಯೊಳಗೂ ಸಿಗೂದಿಲ್ಲ. ಅವರಿಗೆ ಕಡಿಮಿ ಅಂಕಿಯೂ ಇಲ್ಲ, ಅಂಕೀನ ಇಲ್ಲ.

ಮೂರನೇ ಕಾಲ 2014ರಿಂದ. ಆ ವರ್ಷ ಆಗಸ್ಟ್‌ದಾಗ ವರ್ಮ್ಸ್‌ಲಿಯೊಳಗ ಎಂಟು ಮಂದಿ ಹೊಸಬರನ್ನ ಕಟ್ಕೊಂಡು ಮಿಥಾಲಿ ಇಂಗ್ಲೆಂಡನ್ನ ಸೋಲಿಸಿದ್ರು. ನವೆಂಬರ್‌ದಾಗ ನಮ್ಮ ಮೈಸೂರಾಗ ದಕ್ಷಿಣ ಆಫ್ರಿಕಾ ಮ್ಯಾಲ ಇನಿಂಗ್ಸ್ ಗೆಲುವು. ತಿರುಷ್ ಕಾಮಿನಿ 192, ಪೂನಮ್ ರಾವುತ್ 130, ಹರ್ಮನ್‌ಪ್ರೀತ್ ಒಂಬತ್ತು ವಿಕೆಟ್. ನಮ್ಮ ವಿಜಯಪುರದ ರಾಜೇಶ್ವರಿ ಗಾಯಕವಾಡ ಟೆಸ್ಟ್ ಟೋಪಿ ಹಾಕ್ಕೊಂಡಿದ್ದೂ ಆವಾಗನ. ಮತ್ತ 2021ರ ತನಕ ಬಾಗಲಾ ಬಂದ್. ತೆರದ ಮ್ಯಾಲ ನೋಡ್ರಿ: 2023ರ ಡಿಸೆಂಬರ್‌ದಾಗ ಮುಂಬೈ ಕಡೆ ಎರಡು ವಾರದೊಳಗ ಇಂಗ್ಲೆಂಡನ್ನೂ ಆಸ್ಟ್ರೇಲಿಯಾನ್ನೂ ಸೋಲಿಸಿದ್ರು. ಇಂಗ್ಲೆಂಡ್ ಮ್ಯಾಲ 347 ರನ್ನಿಂದ, ದೀಪ್ತಿ ಶರ್ಮಾ ಒಂಬತ್ತು ವಿಕೆಟ್. ಮೈಸೂರಿನ ಶುಭಾ ಸತೀಶ್ ಮೊದಲ ಇನಿಂಗ್ಸ್‌ದಾಗನ 69 ಹೊಡದ್ರು. 2024ರಾಗ ಚೆನ್ನೈದಾಗ ಶೆಫಾಲಿ ವರ್ಮಾ 205, ಸ್ಮೃತಿ ಮಂಧಾನಾ 149, ತಂಡ ಆರ ವಿಕೆಟ್‌ಗೆ 603.

ಈಗ ನನ್ನ ಹನ್ನೊಂದು ಮಂದಿ. ಸುರುವಿಗೆ ಸಂಧ್ಯಾ ಅಗರ್ವಾಲ್, ಶೆಫಾಲಿ ವರ್ಮಾ. ಒಬ್ಬರು ಬೇರು ಬಿಟ್ಟು ನಿಲ್ಲವರು, ಇನ್ನೊಬ್ಬರು ಮೊದಲನೇ ಬಾಲಿಗೇ ಬೀಸವರು. ಜೋಡಿ ಚಲೋ ಕೂಡ್ತದ. ಮೂರಕ್ಕ ಸ್ಮೃತಿ, ನಾಕಕ್ಕ ಮಿಥಾಲಿ. ಐದಕ್ಕ ಶಾಂತಾ ರಂಗಸ್ವಾಮಿ, ಕ್ಯಾಪ್ಟನ್ನೂ ಅವರ, ಯಾಕಂದ್ರ ದಾರೀನ ಇಲ್ಲದಲ್ಲಿ ತಂಡ ಕರ್ಕೊಂಡು ಹೋದವರು ಅವರು. ಮ್ಯಾಲ ಮೀಡಿಯಂ ಪೇಸ್ ಬೌಲಿಂಗೂ ಸಿಗ್ತದ. ಆಮ್ಯಾಲ ದೀಪ್ತಿ. ವಿಕೆಟ್ ಹಿಂದ ಫೌಝಿಯಾ ಖಲೀಲಿ. 1982ರ ವಿಶ್ವಕಪ್‌ದಾಗ ಅವರು 20 ಮಂದೀನ್ನ ಔಟ್ ಮಾಡ್ಯಾರ. ಬೌಲಿಂಗಿಗೆ ಶುಭಾಂಗಿ, ಡಯಾನಾ, ಝೂಲನ್, ನೀತು.

ಇಬ್ಬರು ಎಡಗೈ ಸ್ಪಿನ್ನರ್ ಯಾಕ, ನೀತು ಬದಲಿ ಚೆನ್ನೈದಾಗ ಒಂದ ಇನಿಂಗ್ಸಿಗೆ ಎಂಟು ವಿಕೆಟ್ ತಗೊಂಡ ಸ್ನೇಹ್ ರಾಣಾ ಬರಲಿ ಅಂತ ಕೆಲವರು ಅಂದಾರು. ನ್ಯಾಯದ ಮಾತು. ಆದ್ರ ನೀತುಗೆ ಸಿಕ್ಕಿದ್ದು ಹತ್ತ ಟೆಸ್ಟ್, ಅದರಾಗ 41 ವಿಕೆಟ್. ನಾ ಬಿಟ್ಟುಕೊಡೂದಿಲ್ಲ.

ವೈನಿ, ಅಕ್ಕಾ, ಮೌಶಿ, ಈಗ ನೀವೂ ನಿಮ್ಮ ನಿಮ್ಮ ಯಾದಿ ಮಾಡ್ರಿ. ನನ್ನ ಯಾದಿಯೊಳಗಿಂದ ಯಾರನ್ನರ ತಗೀರಿ, ಜಗಳಾನೂ ಮಾಡ್ರಿ. ಒಂದ ಷರತ್ತು ಅಷ್ಟ: ಒಬ್ಬೊಬ್ಬರ ಹೆಸರಿನ ಮುಂದ ರನ್ನು, ವಿಕೆಟ್ಟು ಬರದ ಹಂಗ, ಆಕಿಗೆ ಆಡಾಕ ಎಷ್ಟು ಟೆಸ್ಟ್ ಸಿಕ್ಕಿದ್ವು ಅನ್ನೂದನ್ನೂ ಬರೀಬೇಕು.