ಶನಿವಾರದ ಗ್ರಂಥಾಲಯದಲ್ಲಿ ಐವರು

ಶನಿವಾರ, ಶಾಲೆಗೆ ರಜೆ. ಆದರೂ ಐವರು ವಿದ್ಯಾರ್ಥಿಗಳು ಗ್ರಂಥಾಲಯದಲ್ಲಿ ಕುಳಿತಿದ್ದಾರೆ. ಮಾಡಿದ ತಪ್ಪಿಗೆ ಅದು ಶಿಕ್ಷೆ. ಜೊತೆಗೆ ತಾವು ಯಾರೆಂಬ ಬಗ್ಗೆ ಪ್ರಬಂಧವನ್ನೂ ಬರೆಯಬೇಕು. 1985ರಲ್ಲಿ ತೆರೆಕಂಡ ಜಾನ್ ಹ್ಯೂಸ್ ನಿರ್ದೇಶನದ 'ದಿ ಬ್ರೇಕ್‌ಫಾಸ್ಟ್ ಕ್ಲಬ್' ಚಿತ್ರದ ಕಥೆ ಹೆಚ್ಚುಕಡಿಮೆ ಇಷ್ಟೇ. ಇಲಿನಾಯ್ ರಾಜ್ಯದಲ್ಲಿ ಮುಚ್ಚಿಹೋಗಿದ್ದ ಹೈಸ್ಕೂಲೊಂದರ ವ್ಯಾಯಾಮಶಾಲೆಯಲ್ಲಿ ಗ್ರಂಥಾಲಯದ ಸೆಟ್ ಹಾಕಿ ಚಿತ್ರೀಕರಿಸಿದ್ದರು. ಇಂತಹ ಚಿತ್ರವನ್ನು ನಾಲ್ಕು ದಶಕಗಳ ನಂತರವೂ ಜನ ನೋಡುತ್ತಿರುವುದೇಕೆ?

ಉತ್ತರ ಸಿನಿಮಾಕ್ಕಿಂತ ಹಿಂದೆ, ಅಮೆರಿಕದ ಶಾಲೆಯ ಇತಿಹಾಸದಲ್ಲಿದೆ. 1910ರ ಸುಮಾರಿಗೆ ಅಲ್ಲಿ ಹೈಸ್ಕೂಲು ಮುಗಿಸುತ್ತಿದ್ದವರು ಹತ್ತರಲ್ಲಿ ಒಬ್ಬರೂ ಇರಲಿಲ್ಲ. 1940ರ ವೇಳೆಗೆ ಅರ್ಧದಷ್ಟು ಮಂದಿ ಮುಗಿಸತೊಡಗಿದರು. ಹೊಲ, ಕಾರ್ಖಾನೆಗಳಲ್ಲಿ ಹಿರಿಯರ ನಡುವೆ ಬೆಳೆಯುತ್ತಿದ್ದ ಮಕ್ಕಳು ಈಗ ದಿನವಿಡೀ ತಮ್ಮದೇ ವಯಸ್ಸಿನವರ ನಡುವೆ ಬಂದು ಬಿದ್ದರು. 'ಟೀನೇಜರ್' ಎಂಬ ಪದ ವ್ಯಾಪಕವಾಗಿ ಬಳಕೆಗೆ ಬಂದದ್ದೂ 1940ರ ದಶಕದಲ್ಲೇ.

ಸಿನಿಮಾ ಮೊದಲು ಈ ಹುಡುಗರನ್ನು ಕಂಡು ಹೆದರಿತು. 1955ರ 'ಬ್ಲ್ಯಾಕ್‌ಬೋರ್ಡ್ ಜಂಗಲ್' ಅಂತಹ ಭಯದ ಚಿತ್ರ. ಅವರನ್ನು ನೋಡಿ, ಅವರೊಂದಿಗೆ ನಗುವುದು ರೂಢಿಯಾದದ್ದು ತಡವಾಗಿ. 1982ರ 'ಫಾಸ್ಟ್ ಟೈಮ್ಸ್ ಅಟ್ ರಿಡ್ಜ್‌ಮಾಂಟ್ ಹೈ' ಚಿತ್ರಕ್ಕಾಗಿ ಕಥೆ ಬರೆದ ಕ್ಯಾಮರೂನ್ ಕ್ರೋ, ಇಪ್ಪತ್ತು ದಾಟಿದ ಮೇಲೆ ವಿದ್ಯಾರ್ಥಿಯ ವೇಷದಲ್ಲಿ ಹೈಸ್ಕೂಲಿಗೆ ಹೋಗಿ ಕುಳಿತಿದ್ದರು. ವರದಿಗಾರನ ಈ ಸಾಹಸವೇ ಒಂದು ಹಾಸ್ಯಚಿತ್ರಕ್ಕೆ ಸಾಕು!

ಇಂತಹ ಚಿತ್ರಗಳಲ್ಲಿ ಸಮಸ್ಯೆ ಚಿಕ್ಕದು: ಊಟದ ತಟ್ಟೆ ಹಿಡಿದು ಕ್ಯಾಂಟೀನಿನಲ್ಲಿ ಯಾರ ಪಕ್ಕ ಕೂರಬೇಕು? ಆದರೆ ಹದಿನಾರರ ಮನಸ್ಸಿಗೆ ಅದು ಜೀವನ್ಮರಣದ ಪ್ರಶ್ನೆ. 'ಪ್ರೆಟ್ಟಿ ಇನ್ ಪಿಂಕ್' (1986) ಚಿತ್ರದ ಬಡ ಹುಡುಗಿ ಶಾಲೆಯ ನೃತ್ಯಕೂಟಕ್ಕೆ ತನ್ನ ಉಡುಪನ್ನು ತಾನೇ ಹೊಲಿದುಕೊಳ್ಳುತ್ತಾಳೆ. ಗ್ರಂಥಾಲಯದ ಆ ಐವರಲ್ಲಿ ಒಬ್ಬ, ಸೋಮವಾರವೂ ನಾವು ಸ್ನೇಹಿತರಾಗಿರುತ್ತೇವೆಯೇ ಎಂದು ಕೇಳುತ್ತಾನೆ. ಶ್ರೀಮಂತ ಮನೆಯ ಹುಡುಗಿ ಇಲ್ಲವೆನ್ನುತ್ತಾಳೆ. ಉಳಿದವರಿಗೆ ಕೋಪ ಬರುತ್ತದೆ. ಆದರೆ ಅವಳು ಹೇಳಿದ್ದು ಸುಳ್ಳೆನ್ನಲು ಯಾರಿಗೂ ಧೈರ್ಯವಿಲ್ಲ. ಆ ಚಿತ್ರದ ಅತ್ಯಂತ ಪ್ರಾಮಾಣಿಕ ಕ್ಷಣ ಅದೇ ಎಂದು ನನಗನಿಸುತ್ತದೆ.

ನಮ್ಮ 'ಪ್ರೇಮಲೋಕ' (1987) ಚಿತ್ರದಲ್ಲಿ ಹಾಲಿವುಡ್‌ನ 'ಗ್ರೀಸ್ 2'ರ ಛಾಯೆಯನ್ನು ಗುರುತಿಸುವವರಿದ್ದಾರೆ. ಅಲ್ಲಿಯ ಹೈಸ್ಕೂಲು ಇಲ್ಲಿ ಕಾಲೇಜಾಯಿತು. ನಮ್ಮ ಹೈಸ್ಕೂಲಿನಲ್ಲಿ ಎಸ್ಸೆಸ್ಸೆಲ್ಸಿಯ ಗುಮ್ಮ ಇರುವಾಗ ಪ್ರೇಮಕ್ಕೆ ಜಾಗವೆಲ್ಲಿ?

ಈ ನಗುವಿಗೆ ಬೆಲೆ ತೆತ್ತವರೂ ಇದ್ದಾರೆ. ಹ್ಯೂಸ್ ಅವರ ಬಡಾವಣೆಯ ಶಾಲೆಗಳಲ್ಲಿ ಮುಖ್ಯ ಪಾತ್ರಗಳೆಲ್ಲ ಬಿಳಿಯರೇ. 'ಸಿಕ್ಸ್‌ಟೀನ್ ಕ್ಯಾಂಡಲ್ಸ್' (1984) ಚಿತ್ರದಲ್ಲಿ ಏಷ್ಯಾದ ವಿದ್ಯಾರ್ಥಿಯೊಬ್ಬ ಬರುತ್ತಾನೆ. ಅವನು ಕಾಣಿಸಿಕೊಂಡಾಗಲೆಲ್ಲ ಜಾಗಟೆ ಮೊಳಗುತ್ತದೆ, ಪ್ರೇಕ್ಷಕರು ನಗಬೇಕು. ಏಷ್ಯನ್ ಮೂಲದ ಅಮೆರಿಕನ್ ಮಕ್ಕಳನ್ನು ಮುಂದೆ ಸಹಪಾಠಿಗಳು ಅದೇ ಪಾತ್ರದ ಹೆಸರಿನಿಂದ ಹಂಗಿಸಿದರು. ಹೊರಗುಳಿದವರ ನೋವನ್ನು ಅಷ್ಟು ಚೆನ್ನಾಗಿ ಬಲ್ಲ ಲೇಖಕನಿಗೆ ಈ ಹುಡುಗ ಮಾತ್ರ ಏಕೆ ಕಾಣಲಿಲ್ಲ?

ಈ ಮೂರೂ ಚಿತ್ರಗಳಲ್ಲಿ ನಟಿಸಿದ ಮಾಲಿ ರಿಂಗ್‌ವಾಲ್ಡ್, ಬಹುಕಾಲದ ನಂತರ ತನ್ನ ಮಗಳೊಂದಿಗೆ ಕುಳಿತು 'ದಿ ಬ್ರೇಕ್‌ಫಾಸ್ಟ್ ಕ್ಲಬ್' ನೋಡಿದರು. ಚಿತ್ರದ ಹುಡುಗನೊಬ್ಬ ತನ್ನ ಪಾತ್ರವನ್ನು ಪೀಡಿಸುವ ದೃಶ್ಯ ಆಗ ಅವರನ್ನು ಕಾಡಿತು. 2018ರಲ್ಲಿ 'ದಿ ನ್ಯೂಯಾರ್ಕರ್' ಪತ್ರಿಕೆಯಲ್ಲಿ ಅದರ ಬಗ್ಗೆ ಬರೆದರು. ತಾನು ಪ್ರೀತಿಸಿದ ಚಿತ್ರಗಳನ್ನು ಅವರು ತಳ್ಳಿಹಾಕಲಿಲ್ಲ, ಸಮರ್ಥಿಸಿಕೊಳ್ಳಲೂ ಇಲ್ಲ.