ಜುನಿ ಗಿರಣಿಯ ಆಡಳಿತ: ಒಂದು ಮರುಲೆಕ್ಕ

ನಮ್ಮದು ಜೋಳದ ಸೀಮೆ. ಭತ್ತ ಬೆಳೆಯುವ ನಾಡಿನವರು ಗಿರಣಿಯೆಂದೊಡನೆ ಅಕ್ಕಿಯನ್ನು ನೆನೆದರೆ, ಸೊಲ್ಲಾಪುರ-ಅಕ್ಕಲಕೋಟದ ಕನ್ನಡಿಗರಾದ ನಾವು ಹತ್ತಿಯ ನೂಲನ್ನೂ ಪಾಳಿಯ ಭೋಂಗಾವನ್ನೂ ನೆನೆಯುತ್ತೇವೆ. ಗಿರಣಿ ಯಾವುದೇ ಇರಲಿ, ಅದರ ಆಡಳಿತವನ್ನು ಅಳೆಯುವ ಪ್ರಶ್ನೆಗಳು ಒಂದೇ. ಕಚ್ಚಾಮಾಲು ಹೊತ್ತಿಗೆ ಬಂದಿತೇ? ಸಿದ್ಧವಾದ ಮಾಲು ಮಾರಾಟವಾಯಿತೇ? ವ್ಯವಹಾರಕ್ಕೆ ಬೇಕಾದ ಬಂಡವಾಳ ಕೈಯಲ್ಲಿತ್ತೇ? ದುಡಿದವರ ಅನ್ನಕ್ಕೆ ಭದ್ರತೆಯಿತ್ತೇ? ಈ ನಾಲ್ಕು ಪ್ರಶ್ನೆಗಳನ್ನು ಮುಂದಿಟ್ಟುಕೊಂಡು ಸೊಲ್ಲಾಪುರದ ಮೊದಲ ಬಟ್ಟೆ ಗಿರಣಿಯ ಇತಿಹಾಸವನ್ನು ಪರಾಮರ್ಶಿಸುವುದು ಈ ಲೇಖನದ ಉದ್ದೇಶ.

ಮುಂಬಯಿಯ ವರ್ತಕ ಮೊರಾರಜಿ ಗೋಕುಲದಾಸರು 1874ರಲ್ಲಿ ಸೋಲಾಪುರ ಸ್ಪಿನ್ನಿಂಗ್ ಅಂಡ್ ವೀವಿಂಗ್ ಕಂಪನಿಯನ್ನು ಸ್ಥಾಪಿಸಿದರು. ಸ್ಥಳದ ಆಯ್ಕೆಯಲ್ಲಿ ದೂರದೃಷ್ಟಿಯಿತ್ತು. 1860ರಲ್ಲೇ ರೈಲು ಊರನ್ನು ತಲುಪಿತ್ತು; ಸುತ್ತಲಿನ ಎರೆಭೂಮಿ ಹತ್ತಿಗೆ ಹೆಸರಾಗಿತ್ತು; ಕೈಮಗ್ಗದ ಪರಂಪರೆಯೂ ಹಳೆಯದು. 1876-77ರ ಘೋರ ಬರಗಾಲ ಒಕ್ಕಲುಮಕ್ಕಳನ್ನು ಹೊಲ ಬಿಡಿಸಿ ಕೂಲಿಗೆ ದೂಡಿತು. ಕನ್ನಡ, ಮರಾಠಿ, ತೆಲುಗು ನುಡಿಯುವವರು ಒಂದೇ ಸೂರಿನಡಿ ದುಡಿದರು. ಮುಂದೆ ಬೇರೆ ಗಿರಣಿಗಳು ತಲೆಯೆತ್ತಿದಾಗ ಇದು ಜನರ ಬಾಯಲ್ಲಿ ‘ಜುನಿ ಮಿಲ್’, ಅಂದರೆ ಹಳೆಯ ಗಿರಣಿ, ಎನಿಸಿತು.

ಮುಕ್ಕಾಲು ಶತಮಾನ ನಡೆದ ಗಿರಣಿ 1949ರಲ್ಲಿ ಮುಗ್ಗರಿಸಿತು. ಮಾರಾಟವಾಗದ ಮಾಲು ರಾಶಿಬಿದ್ದು, ಹಣದ ಮುಗ್ಗಟ್ಟು ತಲೆದೋರಿತು. ನಿರ್ದೇಶಕರು ಕಾರ್ಮಿಕರಿಗೆ ನೋಟೀಸು ಕೊಟ್ಟು, ಆಗಸ್ಟ್ 27ರಂದು ಗಿರಣಿಯನ್ನು ಮುಚ್ಚಿದರು. ಕೇಂದ್ರ ಸರಕಾರ ನಿಯಂತ್ರಣಾಧಿಕಾರಿಯನ್ನು ನೇಮಿಸಿತು. 100 ರೂಪಾಯಿಯ 32,000 ಆದ್ಯತಾ ಷೇರುಗಳಿಗೆ ಅರ್ಧ ಹಣ ಮಾತ್ರ ಸಂದಿತ್ತು. ಉಳಿದರ್ಧವನ್ನು ವಸೂಲು ಮಾಡಬೇಕೆಂದು ಅವರು ಸೂಚಿಸಿದರು. ಅದು ಕಂಪನಿಗೂ ಷೇರುದಾರರಿಗೂ ಹಿತವಲ್ಲವೆಂದು ನಿರ್ದೇಶಕರು ಒಪ್ಪಲಿಲ್ಲ. ಆಗ 1950ರ ಜನವರಿ 9ರಂದು ಸುಗ್ರೀವಾಜ್ಞೆ ಹೊರಟು, ಆಡಳಿತ ಸರಕಾರ ನೇಮಿಸಿದ ನಿರ್ದೇಶಕರ ಕೈಸೇರಿತು.

ಇಲ್ಲಿ ಎರಡೂ ಪಕ್ಷಗಳ ವಾದಕ್ಕೆ ಬೆಲೆಯುಂಟು. ಮಾಲು ಮಾರಾಟವಾಗದಿರುವಾಗ ಹೊಸ ಹಣ ಸುರಿಯುವುದು ಹೊಳೆಯಲ್ಲಿ ಹುಣಿಸೆಹಣ್ಣು ತೊಳೆದಂತೆ. ಆದರೆ ಷೇರುದಾರರಿಂದ ಬರಬೇಕಾದ 16 ಲಕ್ಷ ರೂಪಾಯಿ ಬಾಕಿಯಿರುವಾಗಲೇ ಗಿರಣಿಗೆ ಬೀಗ ಹಾಕಿದ್ದನ್ನು ದಕ್ಷ ಆಡಳಿತವೆನ್ನಲು ನಮ್ಮ ಮನಸ್ಸು ಒಪ್ಪದು.

ವ್ಯಾಜ್ಯ ಸರ್ವೋಚ್ಚ ನ್ಯಾಯಾಲಯವನ್ನು ಮುಟ್ಟಿತು. ಸಾಮಾನ್ಯ ಷೇರುದಾರ ಚರಣಜಿತಲಾಲ ಚೌಧುರಿಯವರ ಅರ್ಜಿ 1950ರ ಡಿಸೆಂಬರಿನಲ್ಲಿ, ಐವರು ನ್ಯಾಯಮೂರ್ತಿಗಳಲ್ಲಿ ಮೂವರ ಬಹುಮತದಿಂದ, ತಿರಸ್ಕೃತವಾಯಿತು. ಆದರೆ ಆದ್ಯತಾ ಷೇರುದಾರ ದ್ವಾರಕಾದಾಸ ಶ್ರೀನಿವಾಸರು 1953ರ ಡಿಸೆಂಬರಿನಲ್ಲಿ ಗೆದ್ದರು: ಪರಿಹಾರವಿಲ್ಲದೆ ಕಂಪನಿಯ ಸ್ವತ್ತನ್ನು ವಶಪಡಿಸಿಕೊಂಡದ್ದು ಸಂವಿಧಾನಕ್ಕೆ ವಿರುದ್ಧವೆಂದು ತೀರ್ಪಾಯಿತು. 1955ರಲ್ಲಿ ಸಂವಿಧಾನದ ನಾಲ್ಕನೆಯ ತಿದ್ದುಪಡಿಗೆ ಈ ತೀರ್ಪೂ ಒಂದು ಕಾರಣ. ಹೀಗೆ ನಮ್ಮೂರಿನ ಗಿರಣಿ ಕಾನೂನು ವಿದ್ಯಾರ್ಥಿಗಳ ಪಾಠವಾಯಿತು.

ನಾವು ಗಮನಿಸಬೇಕಾದದ್ದು ಇನ್ನೊಂದು. ಸರಕಾರ ಗಿರಣಿಯನ್ನು ವಹಿಸಿಕೊಳ್ಳಲು ಕೊಟ್ಟ ಕಾರಣಗಳಲ್ಲಿ ಕಾರ್ಮಿಕರ ನಿರುದ್ಯೋಗವೂ ಒಂದು. ಆದರೆ ಈ ಎರಡು ದಾವೆಗಳಲ್ಲಿ ಕಾರ್ಮಿಕ ವಾದಿಯೂ ಅಲ್ಲ, ಪ್ರತಿವಾದಿಯೂ ಅಲ್ಲ. ತನ್ನ ಹೆಸರಿನಲ್ಲಿ ಒಂದೇ ಷೇರು ಇದ್ದ ಚೌಧುರಿಯವರ ಅಹವಾಲನ್ನೂ ದೇಶದ ಅತ್ಯುನ್ನತ ಪೀಠ ಆಲಿಸಿತು. ತಲೆಮಾರುಗಳಿಂದ ದುಡಿದವರ ಆಯುಷ್ಯಕ್ಕೆ ಷೇರುಪತ್ರವಿರಲಿಲ್ಲ.

ಮುಂದೆ ಜುನಿ ಗಿರಣಿ ಉಳಿಯಲಿಲ್ಲ. ಊರಿನ ಇತರ ಹಳೆಯ ಗಿರಣಿಗಳೂ ಒಂದೊಂದಾಗಿ ಮುಚ್ಚಿದವು. ನಾವು ಮುಖ್ಯಾಧ್ಯಾಪಕರಾಗಿದ್ದಾಗ ಅಂಥದೊಂದು ಗಿರಣಿಯ ಕಾರ್ಮಿಕರೊಬ್ಬರು ಮಗನ ಶಾಲೆ ಬಿಡಿಸಲು ದಾಖಲೆ ಕೇಳಿ ಬಂದರು. ‘ಕಾರಣ’ವೆಂಬ ಕಲಮಿನಲ್ಲಿ ಏನು ಬರೆಯಲೆಂದು ನಾವು ಕೇಳಿದೆವು. “ಗಿರಣಿ ಬಂದಾತ್ರಿ ಗುರುಗಳ, ಮತ್ತೇನ ಬರೀತೀರಿ” ಎಂದರು. ರೂಢಿಯಂತೆ ನಾವು ‘ಪಾಲಕರ ಇಚ್ಛೆ’ ಎಂದು ಬರೆದೆವು. ಅದು ನಿಜವಲ್ಲವೆಂಬುದು ನಮಗಿಬ್ಬರಿಗೂ ತಿಳಿದಿತ್ತು.

ಗಿರಣಿಯ ಜಮಾಖರ್ಚನ್ನು ಲೆಕ್ಕಪರಿಶೋಧಕರು ನೋಡಿದ್ದಾರೆ, ಕಾನೂನನ್ನು ನ್ಯಾಯಮೂರ್ತಿಗಳು ನೋಡಿದ್ದಾರೆ. ನಾಲ್ಕನೆಯ ಪ್ರಶ್ನೆಯ ಉತ್ತರ ಮಾತ್ರ ನಮ್ಮ ಓಣಿಗಳ ಹಿರಿಯರ ನೆನಪಿನಲ್ಲಿದೆ. ಆ ಹಿರಿಯರು ಇರುವಾಗಲೇ ಅದನ್ನು ಕನ್ನಡದಲ್ಲಿ ಬರೆದಿಡುವುದು ಸಂಘದ ತರುಣರ ಹೊಣೆ.