ಜಲ್ಲಿ, ಮಳೆ, ಘಾಟಿ ತಿರುವು: ಕೊಯಮತ್ತೂರು ಕಡೆ ಭಾರದ ಬೈಕ್ ಒಯ್ಯುವವರು ತಿಳಿದಿರಬೇಕಾದದ್ದು

ಪೆರ್ನಾಲ್ ರಜೆ ಬಂತೆಂದರೆ ಕರಾವಳಿಯ ಯುವಕರ ಬೈಕ್‌ಗಳು ಘಟ್ಟದ ಕಡೆ ತಿರುಗುತ್ತವೆ. ಕೆಲವರಿಗೆ ವಾಲ್ಪಾರೈಯ ಚಹಾ ತೋಟ ನೋಡುವ ಆಸೆ. ಇನ್ನು ಕೆಲವರಿಗೆ ತಿರುಪ್ಪೂರಿನ ಖಾದರ್‌ಪೇಟೆಗೆ ಹೋಗಿ ಅಂಗಡಿಗೆ ಬೇಕಾದ ಬನಿಯನ್, ಟೀ ಶರ್ಟ್ ನೋಡಿಕೊಂಡು ಬರುವ ಕೆಲಸ. ಹೆಚ್ಚಿನವರ ಕೈಯಲ್ಲಿರುವುದು 350 ಸಿಸಿ ಅಥವಾ ಅದಕ್ಕಿಂತ ದೊಡ್ಡ ಗಾಡಿ. ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ಒಂದೇ ಸುಮಾರು 195 ಕೆಜಿ ತೂಗುತ್ತದೆ. ಹಿಂದೆ ಒಬ್ಬ ಗೆಳೆಯ, ಎರಡು ಬ್ಯಾಗ್ ಸೇರಿದರೆ ಒಟ್ಟು ಭಾರ 350 ಕೆಜಿ ಹತ್ತಿರ ಬರುತ್ತದೆ.

ಒಳ್ಳೆಯ ಡಾಮರು ರಸ್ತೆಯಲ್ಲಿ ಈ ಭಾರವೇ ಗಾಡಿಗೆ ಗಾಂಭೀರ್ಯ ಕೊಡುತ್ತದೆ. ಜಲ್ಲಿ, ಮರಳು, ಕೆಸರಿನ ಮೇಲೆ ಅದೇ ಭಾರ ಸವಾರನ ವಿರುದ್ಧ ತಿರುಗುತ್ತದೆ. ಸ್ಕೂಟರ್ ಜಾರಿದರೆ ಕಾಲು ಕೊಟ್ಟು ಹೇಗೋ ನಿಲ್ಲಿಸಬಹುದು. 200 ಕೆಜಿಯ ಗಾಡಿ ವಾಲತೊಡಗಿದ ಮೇಲೆ ಕಾಲು ಕೊಟ್ಟರೆ ಮುರಿಯುವುದು ಕಾಲೇ. ಹಾಗಾಗಿ ಜಾರುವ ಜಾಗದಲ್ಲಿ ಬಚಾವಾಗುವುದು ತೋಳಿನ ಬಲದಿಂದಲ್ಲ, ಆ ಜಾಗ ತಲುಪುವ ಮೊದಲೇ ಇಳಿಸಿಕೊಂಡ ವೇಗದಿಂದ.

ದಾರಿಯ ಸ್ವಭಾವ

ಮಂಗಳೂರಿನಿಂದ ಕೊಯಮತ್ತೂರಿಗೆ ಮುಖ್ಯವಾಗಿ ಎರಡು ದಾರಿ. ಒಂದು ಕಾಸರಗೋಡು, ಕೋಝಿಕ್ಕೋಡ್, ಪಾಲಕ್ಕಾಡ್, ವಾಳಯಾರ್ ಮೂಲಕ. ಇನ್ನೊಂದು ಮೈಸೂರು, ಚಾಮರಾಜನಗರ, ಹಾಸನೂರು, ದಿಂಬಂ, ಸತ್ಯಮಂಗಲ ಮೂಲಕ. ಈರೋಡ್ ಜಿಲ್ಲೆಯಲ್ಲಿರುವ ದಿಂಬಂ ಘಾಟಿಯಲ್ಲಿ 27 ಹೇರ್‌ಪಿನ್ ತಿರುವುಗಳಿವೆ. ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶದೊಳಗೆ ಹೋಗುವ ಈ ರಸ್ತೆಯಲ್ಲಿ 2022ರಿಂದ ರಾತ್ರಿ 9ರಿಂದ ಬೆಳಗ್ಗೆ 6ರ ತನಕ ಸಂಚಾರ ನಿರ್ಬಂಧವಿದೆ. ಗೇಟು ಮುಚ್ಚುವ ಮೊದಲು ದಾಟಲೇಬೇಕು ಅಂತ ಕತ್ತಲಲ್ಲಿ ಘಾಟಿ ಇಳಿಯುವ ಅವಸರವೇ ಇಲ್ಲಿ ಮೊದಲ ಅಪಾಯ. ತಡವಾಯಿತೆಂದಾದರೆ ಚಾಮರಾಜನಗರದಲ್ಲೇ ರಾತ್ರಿ ಉಳಿದು ಬೆಳಗ್ಗೆ ಹೊರಡುವುದು ಜಾಣತನ.

ಪೊಳ್ಳಾಚಿ ದಾಟಿ ಆಳಿಯಾರಿನಿಂದ ವಾಲ್ಪಾರೈಗೆ ಏರುವ ರಸ್ತೆಯಲ್ಲಿ 40 ಹೇರ್‌ಪಿನ್ ತಿರುವುಗಳು. ಕೆಳಗೆ ಆಳಿಯಾರಿನಲ್ಲಿ ಬಿಸಿಲು ಇದ್ದರೂ ಮೇಲೆ ಮಂಜು, ಜಿಟಿಜಿಟಿ ಮಳೆ ಇರಬಹುದು. ವಾಲ್ಪಾರೈ ಸಮೀಪದ ಚಿನ್ನಕಲ್ಲಾರ್ ತಮಿಳುನಾಡಿನಲ್ಲೇ ಅತಿ ಹೆಚ್ಚು ಮಳೆ ಬೀಳುವ ಜಾಗಗಳಲ್ಲಿ ಒಂದು. ಬಯಲಿನ ಕಥೆ ಬೇರೆ. ಕೊಯಮತ್ತೂರು, ತಿರುಪ್ಪೂರಿಗೆ ದೊಡ್ಡ ಮಳೆ ಬರುವುದು ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಹಿಂಗಾರಿನಲ್ಲಿ. ನಮ್ಮ ಕರಾವಳಿಯಲ್ಲಿ ಮಳೆ ಮುಗಿಯಿತು ಅಂತ ರೈನ್‌ಕೋಟ್ ಮನೆಯಲ್ಲಿಟ್ಟು ಹೊರಟವರಿಗೆ ಅಲ್ಲಿ ಮಳೆ ಸಿಗುತ್ತದೆ.

ಮಣ್ಣೂ ಬೇರೆ. ಕರಾವಳಿಯ ಸವಾರನಿಗೆ ಕೆಂಪು ಮಣ್ಣು, ಚರಳು ಗೊತ್ತು. ಅಲ್ಲಿ ಹತ್ತಿ ಬೆಳೆಯುವ ಕಡೆಗಳಲ್ಲಿ ಕಪ್ಪು ಎರೆಮಣ್ಣು. ನೀರು ಬಿದ್ದರೆ ಅದು ಟಯರಿಗೆ ಅಂಟಿ ಗೀರುಗಳನ್ನೆಲ್ಲ ಮುಚ್ಚಿಬಿಡುತ್ತದೆ, ಆಮೇಲೆ ಟಯರ್ ಸೋಪಿನ ಹಾಗೆ ಜಾರುತ್ತದೆ. ಜೂನ್‌ನಿಂದ ಆಗಸ್ಟ್ ತನಕ ಪಾಲಕ್ಕಾಡ್ ಕಣಿವೆಯ ಮೂಲಕ ನುಗ್ಗುವ ಗಾಳಿ ಇನ್ನೊಂದು ತೊಂದರೆ. ಪಲ್ಲಡಂ, ಉಡುಮಲೈ ಸುತ್ತ ಸಾಲುಸಾಲಾಗಿ ಗಾಳಿಯಂತ್ರಗಳು ನಿಂತಿರುವುದು ಈ ಗಾಳಿಯಿಂದಾಗಿಯೇ. ಅದು ರಸ್ತೆಗೆ ಧೂಳು ತಂದು ಹಾಕುತ್ತದೆ, ಲಾರಿ ದಾಟಿದ ಕೂಡಲೇ ಗಾಡಿಯನ್ನು ಪಕ್ಕಕ್ಕೂ ತಳ್ಳುತ್ತದೆ.

ಲೆಕ್ಕ ಏನು ಹೇಳುತ್ತದೆ?

ಗಂಟೆಗೆ 60 ಕಿ.ಮೀ. ವೇಗದಲ್ಲಿ ಬ್ರೇಕ್ ಹಿಡಿದರೆ ಒಣ ಡಾಮರಿನಲ್ಲಿ ಗಾಡಿ ಸುಮಾರು 20 ಮೀಟರ್‌ನಲ್ಲಿ ನಿಲ್ಲುತ್ತದೆ. ಒದ್ದೆ ರಸ್ತೆಯಲ್ಲಿ ಅದಕ್ಕೆ ಸುಮಾರು 35 ಮೀಟರ್ ಬೇಕು. ಸಡಿಲ ಜಲ್ಲಿಯ ಮೇಲೆ 45 ಮೀಟರ್ ದಾಟುತ್ತದೆ. ಅಪಾಯ ಕಂಡು ಕೈ ಬ್ರೇಕಿಗೆ ಹೋಗುವ ಒಂದು ಸೆಕೆಂಡಿನಲ್ಲಿ ಗಾಡಿ ಓಡುವ 17 ಮೀಟರ್ ಇದರಲ್ಲಿ ಸೇರಿಲ್ಲ. ಅದೇ ಜಲ್ಲಿಯ ಮೇಲೆ ವೇಗ 40 ಇದ್ದರೆ 21 ಮೀಟರ್ ಸಾಕು.

ತಿರುವಿನಲ್ಲೂ ಹೀಗೆಯೇ. 20 ಮೀಟರ್ ತ್ರಿಜ್ಯದ ತಿರುವನ್ನು ಒಣ ಡಾಮರಿನಲ್ಲಿ 40ರ ವೇಗದಲ್ಲಿ ದಾಟಿದವನು ಜಲ್ಲಿ ಚೆಲ್ಲಿದ ಅಂಥದೇ ತಿರುವಿನಲ್ಲಿ 28 ಮೀರಿದರೆ ಟಯರ್ ಹಿಡಿತ ಬಿಡುತ್ತದೆ. ಹೇರ್‌ಪಿನ್ ತಿರುವುಗಳು ಇದಕ್ಕಿಂತಲೂ ಬಿಗಿ. ಅಲ್ಲಿ 15-20 ಕಿ.ಮೀ. ಅಂದರೆ ಹೆದರಿಕೆಯ ವೇಗವಲ್ಲ, ಸರಿಯಾದ ವೇಗ.

ಕೊಯಮತ್ತೂರು ಬೈಕ್, ಕಾರು ಓಟಕ್ಕೆ ಹೆಸರಾದ ಊರು. ಎಸ್. ಕರಿವರ್ಧನ್ ಅವರ ಹೆಸರಿನ ಕರಿ ಮೋಟಾರ್ ಸ್ಪೀಡ್‌ವೇ ಚೆಟ್ಟಿಪಾಳ್ಯಂನಲ್ಲಿ 2003ರಿಂದ ಇದೆ. ಟ್ರ್ಯಾಕ್‌ನಲ್ಲಿ ಗಾಡಿ ಮಲಗಿಸಿ ತಿರುಗಿಸುವ ವಿಡಿಯೊ ನೋಡಿ ಘಾಟಿಯಲ್ಲಿ ಅದನ್ನೇ ಮಾಡಹೋಗುವವರಿದ್ದಾರೆ. ಟ್ರ್ಯಾಕ್‌ನಲ್ಲಿ ಮರಳಿರುವುದಿಲ್ಲ, ಎದುರಿಂದ ಬಸ್ ಬರುವುದಿಲ್ಲ. ಘಾಟಿಯಲ್ಲಿ ಎರಡೂ ಇವೆ.

ಸಡಿಲ ರಸ್ತೆಯಲ್ಲಿ ಗಾಡಿ ಹಿಡಿಯುವ ಕ್ರಮ

- ಜಲ್ಲಿ ಕಂಡ ಕೂಡಲೇ, ಇನ್ನೂ ಡಾಮರಿನ ಮೇಲೆ ಇರುವಾಗಲೇ, ಗಾಡಿ ನೇರ ಇಟ್ಟುಕೊಂಡು ವೇಗ ಇಳಿಸಬೇಕು. ಗೇರ್ ಎರಡಕ್ಕೆ ತಂದು ಒಳಗೆ ಹೋಗಬೇಕು.
- ಆಕ್ಸಿಲರೇಟರ್ ಸಣ್ಣಗೆ, ಒಂದೇ ಸಮ ಇರಲಿ. ಫಕ್ಕನೆ ಬಿಟ್ಟರೆ ಭಾರ ಮುಂದಿನ ಚಕ್ರದ ಮೇಲೆ ಬಿದ್ದು ಅದು ಹೂತುಕೊಳ್ಳುತ್ತದೆ. ಫಕ್ಕನೆ ತಿರುಚಿದರೆ ಹಿಂದಿನ ಚಕ್ರ ಜಾರುತ್ತದೆ.
- ಹ್ಯಾಂಡಲನ್ನು ಬಿಗಿಯಾಗಿ ಹಿಡಿಯಬಾರದು. ಮುಂದಿನ ಚಕ್ರ ಜಲ್ಲಿಯಲ್ಲಿ ಆಚೀಚೆ ಅಲ್ಲಾಡುವುದು ಸಹಜ, ಚಲಿಸುತ್ತಿದ್ದರೆ ಅದು ತಾನೇ ಸರಿಯಾಗುತ್ತದೆ. ಗಾಡಿಯನ್ನು ಹಿಡಿಯಬೇಕಾದ್ದು ಟ್ಯಾಂಕಿಗೆ ಒತ್ತಿದ ಮೊಣಕಾಲುಗಳಿಂದ.
- ಹೊಂಡ ಹೆಚ್ಚಿದ್ದರೆ ಫುಟ್‌ರೆಸ್ಟ್ ಮೇಲೆ ಸ್ವಲ್ಪ ಎದ್ದು ನಿಲ್ಲಬಹುದು. ಆಗ ಗಾಡಿ ಕೆಳಗೆ ಅಲ್ಲಾಡಿದರೂ ಸವಾರನ ದೇಹ ಅದರೊಂದಿಗೆ ಎತ್ತಿ ಹಾಕಿಸಿಕೊಳ್ಳುವುದಿಲ್ಲ.
- ಕಣ್ಣು ಕಲ್ಲಿನ ಮೇಲಿರಬಾರದು, ಹೋಗಬೇಕಾದ ಜಾಗದ ಮೇಲಿರಬೇಕು. ಕಣ್ಣು ಎಲ್ಲಿ ನೆಟ್ಟಿದೆಯೋ ಗಾಡಿ ಅಲ್ಲಿಗೇ ಹೋಗುತ್ತದೆ.
- ಹ್ಯಾಂಡಲ್ ತಿರುಗಿಸಿಕೊಂಡಿರುವಾಗ ಮುಂದಿನ ಬ್ರೇಕ್ ಒತ್ತಿ ಹಿಡಿದರೆ ಬೀಳುವುದು ಖಂಡಿತ. ಗಾಡಿ ನೇರವಾದ ಮೇಲೆ ಎರಡೂ ಬ್ರೇಕ್ ಮೆಲ್ಲಗೆ ಹಿಡಿಯಬೇಕು.
- ಇಳಿಜಾರಿನಲ್ಲಿ ನ್ಯೂಟ್ರಲ್ ಬೇಡವೇ ಬೇಡ. ಕೆಳಗಿನ ಗೇರಿನಲ್ಲಿ ಇಂಜಿನ್ನೇ ಗಾಡಿಯನ್ನು ತಡೆಯಲಿ.

2019ರ ಏಪ್ರಿಲ್‌ನಿಂದ 125 ಸಿಸಿಗಿಂತ ದೊಡ್ಡ ಎಲ್ಲ ಹೊಸ ಬೈಕ್‌ಗಳಿಗೆ ಎಬಿಎಸ್ ಕಡ್ಡಾಯ. ಒದ್ದೆ ಡಾಮರಿನಲ್ಲಿ ಅದು ಜೀವ ಉಳಿಸುತ್ತದೆ. ಸಡಿಲ ಜಲ್ಲಿಯ ಮೇಲೆ ಮಾತ್ರ ಎಬಿಎಸ್ ಇದ್ದ ಗಾಡಿ ನಿಲ್ಲಲು ಇನ್ನಷ್ಟು ದೂರ ತೆಗೆದುಕೊಳ್ಳಬಹುದು, ಇದು ತಿಳಿದಿರಬೇಕು. ಕೆಲವು ಅಡ್ವೆಂಚರ್ ಬೈಕ್‌ಗಳಲ್ಲಿ ಹಿಂದಿನ ಚಕ್ರದ ಎಬಿಎಸ್ ಆಫ್ ಮಾಡುವ ಸ್ವಿಚ್ ಇದೆ. ಅಭ್ಯಾಸ ಇಲ್ಲದವರು ಅದರ ತಂಟೆಗೆ ಹೋಗದಿರುವುದು ಒಳ್ಳೆಯದು.

ಮಳೆ ಶುರುವಾದ ಮೊದಲ ಅರ್ಧ ಗಂಟೆ

ಬಹಳ ದಿನದ ಬಿಸಿಲಿನ ಬಳಿಕ ಮಳೆ ಬಿದ್ದರೆ ರಸ್ತೆಯ ಮೇಲಿನ ಎಣ್ಣೆ, ಧೂಳು ನೀರಿನೊಂದಿಗೆ ಸೇರಿ ಜಾರುವ ಪದರವಾಗುತ್ತದೆ. ಜೋರು ಮಳೆ ಅದನ್ನು ತೊಳೆದು ಹಾಕುವ ತನಕ ಚಹಾ ಅಂಗಡಿಯಲ್ಲಿ ನಿಲ್ಲುವುದೇ ಒಳ್ಳೆಯದು. ಬಿಳಿ ಪಟ್ಟಿ, ಸೇತುವೆಯ ಕಬ್ಬಿಣದ ಜೋಡಣೆ, ಮ್ಯಾನ್‌ಹೋಲ್ ಮುಚ್ಚಳ, ಬಸ್ ನಿಲ್ಲುವ ಜಾಗದಲ್ಲಿ ಬಿದ್ದ ಡೀಸೆಲ್ – ಇವುಗಳ ಮೇಲೆ ಗಾಡಿ ವಾಲಿಸಬಾರದು, ಬ್ರೇಕೂ ಹಿಡಿಯಬಾರದು.

ತಮಿಳು ಫಲಕಗಳಲ್ಲಿ ಕೆಲವನ್ನಾದರೂ ತಿಳಿದುಕೊಂಡು ಹೋಗಬೇಕು. ಬ್ಯಾರಿ, ಮಲಯಾಳ ಬಲ್ಲವರಿಗೆ ತಮಿಳು ಮಾತು ತಕ್ಕಮಟ್ಟಿಗೆ ಅರ್ಥವಾಗುತ್ತದೆ, ಲಿಪಿ ಮಾತ್ರ ಕೈಕೊಡುತ್ತದೆ. ‘ಕೊಂಡೈ ಊಸಿ ವಳೈವು’ ಎಂದರೆ ಹೇರ್‌ಪಿನ್ ತಿರುವು, ‘ಮೆದುವಾಗ ಸೆಲ್ಲವುಂ’ ಎಂದರೆ ನಿಧಾನವಾಗಿ ಹೋಗಿ, ‘ಮಾಟ್ರು ಪಾದೈ’ ಎಂದರೆ ಬದಲಿ ದಾರಿ. ಹೊರಡುವ ಮುನ್ನ ಮೊಬೈಲ್‌ನಲ್ಲಿ ಈ ಅಕ್ಷರಗಳನ್ನು ಒಮ್ಮೆ ನೋಡಿಟ್ಟುಕೊಂಡರೆ ಸಾಕು.

ಭಾರ ಮತ್ತು ಜೊತೆಗಾರರು

ಖಾದರ್‌ಪೇಟೆಯಲ್ಲಿ ಕೊಂಡ ಬಟ್ಟೆಯ ಕಟ್ಟನ್ನು ಹಿಂದಿನ ಸೀಟಿಗೆ ಎತ್ತರಕ್ಕೆ ಕಟ್ಟಿದರೆ ಮುಂದಿನ ಚಕ್ರ ಹಗುರಾಗಿ ತಿರುವಿನಲ್ಲಿ ಹಿಡಿತ ಕಳೆದುಕೊಳ್ಳುತ್ತದೆ. ಸಾಮಾನನ್ನು ಪಾರ್ಸೆಲ್ ಲಾರಿಗೆ ಹಾಕಿ ಬರುವುದಕ್ಕೆ ಆಗುವ ಖರ್ಚು ಸಣ್ಣದು. ಬ್ಯಾಗ್ ಒಯ್ಯಲೇಬೇಕಾದರೆ ಅದು ಸೀಟಿನ ಎರಡೂ ಬದಿಗೆ, ಕೆಳಗೆ, ಸಮ ತೂಕದಲ್ಲಿರಲಿ. ಟಯರಿನ ಗಾಳಿಯನ್ನು ಬೆಳಗ್ಗೆ ಟಯರ್ ತಣ್ಣಗಿರುವಾಗ, ಇಬ್ಬರು ಕೂರುವ ಲೆಕ್ಕಕ್ಕೆ ನೋಡಿಸಬೇಕು.

ಗುಂಪಿನಲ್ಲಿ ಹೋಗುವಾಗ ವೇಗ ನಿರ್ಧರಿಸಬೇಕಾದವನು ಎಲ್ಲರಿಗಿಂತ ನಿಧಾನ ಓಡಿಸುವವನು. ‘ಬೇಗ ಬಾ’ ಎಂಬ ಒಂದು ಫೋನ್ ಕರೆಗೆ ಹೊಸ ಸವಾರ ತನ್ನ ಮಿತಿ ಮೀರಿ ಓಡಿಸುತ್ತಾನೆ. ಹಿಂದೆ ಕುಳಿತವನೂ ಬರೀ ಪ್ರಯಾಣಿಕ ಅಲ್ಲ. ತಿರುವಿನಲ್ಲಿ ಅವನು ಎದುರು ಬದಿಗೆ ವಾಲಿದರೆ ಸವಾರನ ಲೆಕ್ಕ ತಪ್ಪುತ್ತದೆ. ಜಲ್ಲಿ ತುಂಬ ಕೆಟ್ಟದಾಗಿದ್ದರೆ ಅವನನ್ನು ಇಳಿಸಿ ನಡೆದು ಬರಲು ಹೇಳುವುದರಲ್ಲಿ ನಾಚಿಕೆಯಿಲ್ಲ.

ಬಿದ್ದರೆ?

ಗಾಡಿ ಮಗುಚಿದರೆ ಮೊದಲು ಇಂಜಿನ್ ಆಫ್ ಮಾಡಬೇಕು, ಆಮೇಲೆ ಎದುರಿಂದ ಬರುವ ವಾಹನಗಳಿಗೆ ಸೂಚನೆ ಕೊಡಬೇಕು. ಎತ್ತುವಾಗ ಗಾಡಿಗೆ ಬೆನ್ನು ಕೊಟ್ಟು ಕುಕ್ಕರಗಾಲಲ್ಲಿ ಕೂತು, ಒಂದು ಕೈಯಲ್ಲಿ ಹ್ಯಾಂಡಲ್, ಇನ್ನೊಂದರಲ್ಲಿ ಹಿಂದಿನ ಹಿಡಿ ಹಿಡಿದು, ಕಾಲಿನ ಬಲದಿಂದ ಸಣ್ಣ ಸಣ್ಣ ಹೆಜ್ಜೆ ಹಿಂದಕ್ಕಿಡುತ್ತ ಎತ್ತಬೇಕು. ಬಗ್ಗಿ ಎತ್ತಿದರೆ ಸೊಂಟ ಹಿಡಿಯುತ್ತದೆ. ಬಲಕ್ಕೆ ಬಿದ್ದಿದ್ದರೆ ಸೈಡ್ ಸ್ಟ್ಯಾಂಡ್ ಮೊದಲೇ ತೆಗೆದಿಡಬೇಕು, ಗೇರ್ ಹಾಕಿರಬೇಕು. ಇಲ್ಲದಿದ್ದರೆ ಎತ್ತಿದ ಗಾಡಿ ಆಚೆ ಬದಿಗೆ ಬೀಳುತ್ತದೆ.

ಪೆಟ್ಟಾಗಿದ್ದರೆ 108ಕ್ಕೆ ಕರೆ ಮಾಡಬೇಕು. ತಮಿಳುನಾಡು ಸರಕಾರ 2021ರ ಡಿಸೆಂಬರ್‌ನಲ್ಲಿ ‘ಇನ್ನುಯಿರ್ ಕಾಪ್ಪೋಂ – ನಮ್ಮೈ ಕಾಕ್ಕುಂ 48’ ಯೋಜನೆ ಆರಂಭಿಸಿದೆ. ಆ ರಾಜ್ಯದ ರಸ್ತೆಯಲ್ಲಿ ಅಪಘಾತಕ್ಕೆ ಸಿಲುಕಿದವರಿಗೆ, ಅವರು ಹೊರರಾಜ್ಯದವರಾದರೂ, ಯೋಜನೆಗೆ ಸೇರಿದ ಆಸ್ಪತ್ರೆಗಳಲ್ಲಿ ಮೊದಲ 48 ಗಂಟೆಯ ತುರ್ತು ಚಿಕಿತ್ಸೆ ನಿಗದಿತ ಮಿತಿಯೊಳಗೆ ಉಚಿತ. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದವರಿಗೆ ಮೋಟಾರು ವಾಹನ ಕಾಯ್ದೆಯ 134ಎ ಸೆಕ್ಷನ್ ರಕ್ಷಣೆ ಕೊಡುತ್ತದೆ. ಕೇಸಿನ ಹೆದರಿಕೆಯಿಂದ ಯಾರೂ ಹಿಂದೆ ಸರಿಯಬೇಕಿಲ್ಲ.

ಐಎಸ್‌ಐ ಮುದ್ರೆಯ ಹೆಲ್ಮೆಟ್ ಇಬ್ಬರಿಗೂ ಇರಲಿ, ಪಟ್ಟಿ ಬಿಗಿದಿರಲಿ. ಹೊರಡುವ ಒಂದು ವಾರ ಮೊದಲು ಊರಿನ ಖಾಲಿ ಮೈದಾನದಲ್ಲಿ, ಮಣ್ಣಿನ ಮೇಲೆ, 20ರ ವೇಗದಲ್ಲಿ ಬ್ರೇಕ್ ಹಿಡಿದು ನೋಡಿದರೆ ತನ್ನ ಗಾಡಿ ಎಲ್ಲಿ ಜಾರುತ್ತದೆ ಎಂಬುದು ಸವಾರನಿಗೇ ತಿಳಿಯುತ್ತದೆ. ಅದನ್ನು ವಾಲ್ಪಾರೈಯ ತಿರುವಿನಲ್ಲಿ ಮೊದಲ ಬಾರಿ ಕಲಿಯುವಂತಾಗಬಾರದು. ಘಾಟಿ ಎಷ್ಟು ನಿಮಿಷದಲ್ಲಿ ಹತ್ತಿದ ಅಂತ ಮನೆಯಲ್ಲಿ ಯಾರೂ ಕೇಳುವುದಿಲ್ಲ. ‘ಎತ್ತಿದೆ ಉಮ್ಮಾ’ ಎಂಬ ಒಂದು ಫೋನ್ ಬಂದರೆ ಅವರಿಗೆ ನಿದ್ದೆ ಬರುತ್ತದೆ.